ಫಕೀರವ್ವನ ಗೋಧಿ

ತಿರುವನಂತಪುರದ ಶ್ರೀಕಾರ್ಯಂನ ಆ ಓಣಿಯಲ್ಲಿ ಇಂದುಮತಿಯನ್ನು ಹೆಸರಿನಿಂದ ಗುರುತಿಸುವವರು ಕಡಿಮೆ. ‘ಹುಲ್ಲು ಬೆಳೆಸುವ ಟೀಚರ್’ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಆಕೆ ಟೀಚರ್ ಅಲ್ಲ, ಬೆಳೆಸುತ್ತಿದ್ದದ್ದು ಹುಲ್ಲೂ ಅಲ್ಲ. ಆದರೆ ಬಾಡಿಗೆ ಮನೆಯ ಒಡತಿ ಭಾರ್ಗವಿ ಅಮ್ಮ ಮೊದಲ ವರ್ಷ ಹಿತ್ತಿಲಿನ ಹಸಿರು ಸಾಲುಗಳನ್ನು ನೋಡಿ, ‘ಇದೆಂದಾ ಮೋಳೇ, ಪುಲ್ಲಾಣೋ?’ ಎಂದು ಕೇಳಿದ್ದೇ ಊರಿಗೆಲ್ಲ ಹಬ್ಬಿ ನಿಂತುಬಿಟ್ಟಿತ್ತು. ಹುಲ್ಲಲ್ಲ, ಗೋಧಿ ಎಂದು ಇಂದುಮತಿ ಹೇಳಿದಾಗ ಆ ಮುದುಕಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದಳು. ತೆಂಗು, ಮರಗೆಣಸು, ಬಾಳೆ ಬಿಟ್ಟು ಬೇರೇನೂ ಕಾಣದ ಕೆಮ್ಮಣ್ಣಿನಲ್ಲಿ ಗೋಧಿ!

ಇಂದುಮತಿ ನವಲಗುಂದದ ಹತ್ತಿರದ ಕಪ್ಪು ಎರೆಹೊಲದ ಊರಿನವಳು. ಧಾರವಾಡದಲ್ಲಿ ಕೃಷಿ ಪದವಿ ಓದಿದ ಬೆರಳೆಣಿಕೆಯ ಹುಡುಗಿಯರಲ್ಲಿ ಒಬ್ಬಳು. ಹೆಣ್ಣು ನೋಡಲು ಬಂದವರೆಲ್ಲ ‘ಇಷ್ಟು ಓದಿದಾಕಿ ರೊಟ್ಟಿ ಬಡೀತಾಳೋ ಇಲ್ಲೋ’ ಎಂದು ಹಿಂದೆ ಸರಿದರು. ಅವಳಿಗೂ ಅದರ ಚಿಂತೆ ಹೆಚ್ಚು ದಿನ ಉಳಿಯಲಿಲ್ಲ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಶ್ರೀಕಾರ್ಯಂನ ಬೆಳೆ ಸಂಶೋಧನಾ ಕೇಂದ್ರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಹಗಲೆಲ್ಲ ಮರಗೆಣಸಿನ ಗಡ್ಡೆ ತೂಗುವುದು, ಎಲೆಯ ರೋಗ ನೋಡುವುದು. ಕೆಲಸ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಆದರೆ ಸಂಜೆ ಮನೆಗೆ ಬಂದು ರೇಷನ್ ಅಂಗಡಿಯ ಕೆಂಪು ಗೋಧಿಯನ್ನು ಆರಿಸಲು ಕುಳಿತರೆ ಮನಸ್ಸು ಊರಿಗೆ ಹೋಗಿಬಿಡುತ್ತಿತ್ತು. ಪರದೇಶದಿಂದ ಹಡಗಿನಲ್ಲಿ ಬಂದ ಆ ಗೋಧಿಗೆ ಔಷಧದ ವಾಸನೆ. ಚಪಾತಿ ಮಾಡಿದರೆ ತಣ್ಣಗಾಗುವುದರೊಳಗೆ ಚರ್ಮದಂತೆ ಬಿಗಿಯುತ್ತಿತ್ತು.

ತಂದೆ ಬೆಳೆಯುತ್ತಿದ್ದ ಗೋಧಿ ಅವಳ ಕಣ್ಣಿಗೆ ಕಟ್ಟಿತ್ತು. ಮಳೆಗಾಲ ಮುಗಿದ ಮೇಲೆ ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬಿತ್ತಿ, ತಿಪ್ಪೆ ಗೊಬ್ಬರ ಬಿಟ್ಟರೆ ಬೇರೇನನ್ನೂ ಕೊಡದೆ ಬೆಳೆದ ಎತ್ತರದ ಪೈರು. ಅರವತ್ತೇಳರ ಸುಮಾರಿಗೆ ಊರಿಗೆ ಹೋದಾಗ ಅಕ್ಕಪಕ್ಕದ ನೀರಾವರಿ ಹೊಲಗಳಲ್ಲಿ ಹೊಸ ಗಿಡ್ಡ ತಳಿ ಬಂದಿತ್ತು. ಅದು ಚೀಲಗಟ್ಟಲೆ ಯೂರಿಯಾ ಕುಡಿಯುತ್ತಿತ್ತು, ಅದಕ್ಕೆ ತಕ್ಕಂತೆ ಕಾಳನ್ನೂ ಕೊಡುತ್ತಿತ್ತು. ಯೂರಿಯಾವನ್ನು ಊರಿನವರು ‘ಸರಕಾರಿ ಗೊಬ್ಬರ’ ಎನ್ನುತ್ತಿದ್ದರು. ಹೊಸ ತಳಿ ಕೆಟ್ಟದ್ದೆಂದು ಇಂದುಮತಿ ಎಂದೂ ಹೇಳಿದವಳಲ್ಲ. ಹಸಿದ ದೇಶಕ್ಕೆ ಅದು ಬೇಕಾಗಿತ್ತು. ಆದರೆ ಆ ಗಿಡ್ಡ ಪೈರು ಗೊಬ್ಬರವಿಲ್ಲದಿದ್ದರೆ ಹಳದಿಗಟ್ಟುತ್ತಿತ್ತು, ಅದರ ನಡುವೆ ಕಸ ಎದ್ದು ಅದನ್ನೇ ಮುಚ್ಚಿಬಿಡುತ್ತಿತ್ತು. ಸರಕಾರಿ ಗೊಬ್ಬರ ಬೇಡ ಎನ್ನುವ ಒಕ್ಕಲಿಗನಿಗೆ, ಅದು ಸಿಗದ ಮಳೆ ಹೊಲದವನಿಗೆ ಯಾವ ಗೋಧಿ? ಆ ಪ್ರಶ್ನೆ ಕೇಳುವವರೇ ಇರಲಿಲ್ಲ. ಹಳೆಯ ತಳಿಗಳೋ ಒಂದೊಂದಾಗಿ ಬೀಜದ ಗಡಿಗೆಯಿಂದ ಮಾಯವಾಗುತ್ತಿದ್ದವು.

ಅವಳು ರಜೆಯಲ್ಲಿ ಊರೂರು ತಿರುಗಿ ಬೀಜ ಕೂಡಿಸಿದಳು. ಸಿಪ್ಪೆಯೊಳಗೇ ಕಾಳು ಕುಳಿತಿರುವ, ಕುಟ್ಟಿ ಬಿಡಿಸಬೇಕಾದ ಸದಕ ಗೋಧಿ. ರವೆಗೆ ಹೆಸರಾದ ಹಳದಿ ಬಿಜಗ. ಹೆಸರೇ ಇಲ್ಲದ ನಾಲ್ಕಾರು ಬಗೆ. ಒಂದು ಊರಿನಲ್ಲಿ ಫಕೀರವ್ವ ಎಂಬ ಮುದುಕಿ ಅಟ್ಟದ ಮೇಲಿನ ಬುಟ್ಟಿ ಇಳಿಸಿ, ಬೂದಿ ಕಲಸಿ ಇಟ್ಟಿದ್ದ ಒಂದು ಸೇರು ಬೀಜ ಕೊಟ್ಟಳು. ಉದ್ದ ತೆನೆ, ಕರಿಯ ಮುಳ್ಳು, ಜೇನಿನ ಬಣ್ಣದ ಕಾಳು. ಅದಕ್ಕೆ ಇಂದುಮತಿ ಫಕೀರವ್ವನ ಹೆಸರನ್ನೇ ಇಟ್ಟಳು.

ಆರಿಸುವ ಬಗೆಯನ್ನು ಅವಳೇ ಯೋಚಿಸಿಕೊಂಡಿದ್ದಳು. ಊರಿನಲ್ಲಿ ಗೋಧಿಗೆ ದೊಡ್ಡ ಶತ್ರುವೆಂದರೆ ಭಂಡಾರ ರೋಗ. ಎಲೆಯ ಮೇಲೆ ಭಂಡಾರ ಉದುರಿಸಿದಂತೆ ಹಳದಿ ಪುಡಿ ಕೂತು ಪೈರನ್ನೇ ತಿಂದುಹಾಕುತ್ತದೆ. ಔಷಧ ಹೊಡೆಯದೆ ಬೆಳೆಯಬೇಕೆಂದರೆ ಎಲೆ ತಾನಾಗಿಯೇ ರೋಗ ತಡೆಯಬೇಕು. ತಿರುವನಂತಪುರದ ತುಲಾಮಾಸದ ಮಳೆ, ಬೆವರಿಳಿಸುವ ಸೆಖೆ ಎಂದರೆ ಎಲೆಯ ರೋಗಗಳಿಗೆ ಹಬ್ಬ. ಅಲ್ಲಿನ ಹಿತ್ತಿಲಿನಲ್ಲಿ ಕಾಳು ಸರಿಯಾಗಿ ಕಟ್ಟುವುದಿಲ್ಲ, ನಿಜ. ಆದರೆ ಅಲ್ಲಿ ಎಲೆ ಹಸಿರಾಗಿ ಉಳಿಸಿಕೊಂಡ ತಳಿ ಎರೆಹೊಲದಲ್ಲೂ ಉಳಿದೀತು ಎಂಬುದು ಅವಳ ಲೆಕ್ಕಾಚಾರ. ಹಿತ್ತಿಲಿನಲ್ಲಿ ಎಲೆಯ ಪರೀಕ್ಷೆ, ಊರಿನ ಹೊಲದಲ್ಲಿ ಇಳುವರಿಯ ಪರೀಕ್ಷೆ. ಊರಿನ ಹೊಲ ನೋಡಿಕೊಳ್ಳುವವನು ಅಣ್ಣ ವೀರಭದ್ರ.

ವೀರಭದ್ರ ಅವಳಿಗಿಂತ ಆರು ವರ್ಷ ದೊಡ್ಡವನು. ತಂದೆ ತೀರಿಕೊಂಡ ಮೇಲೆ ಅವಳ ಓದಿಗೆ ಅಡ್ಡ ಬಂದ ದೊಡ್ಡಪ್ಪಂದಿರ ಎದುರು ನಿಂತು, ‘ನನ್ನ ತಂಗಿ ಓದತಾಳ, ಯಾರೇನ ಅಂತೀರಿ ನೋಡೂಣು’ ಎಂದವನು ಅವನೇ. ಧಾರವಾಡದ ಹಾಸ್ಟೆಲ್ಲಿಗೆ ಎತ್ತಿನ ಗಾಡಿಯಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ ತಂದು ಇಳಿಸುತ್ತಿದ್ದವನೂ ಅವನೇ. ಲೋಕದಲ್ಲಿ ಯಾರ ಮಾತನ್ನಾದರೂ ಅವಳು ಮತ್ತೊಮ್ಮೆ ಯೋಚಿಸದೆ ನಂಬುತ್ತಿದ್ದರೆ ಅದು ಅಣ್ಣನದು.

‘ಏನೂ ಹಾಕಬಾರದು ಅಣ್ಣಾ. ತಿಪ್ಪಿ ಗೊಬ್ಬರ ಅಷ್ಟ. ಸರಕಾರಿ ಗೊಬ್ಬರ ಒಂದ ಮುಷ್ಟಿ ಬಿದ್ರೂ ನನ್ನ ಲೆಕ್ಕಾನ ತಪ್ಪತೈತಿ.’

‘ಆತವ್ವಾ. ನೀ ಹೇಳಿಧಾಂಗ’ ಎಂದ ವೀರಭದ್ರ. ದಾರಿಯ ಬದಿಯಿಂದ ಹಿಡಿದು ಹಳ್ಳದವರೆಗೆ ಒಂದೊಂದು ತಳಿಗೆ ಒಂದೊಂದು ಪಟ್ಟಿ ಬಿಟ್ಟು ಬಿತ್ತಿದ. ದಾರಿಗೆ ಹತ್ತಿರ ಬಂದದ್ದು ಫಕೀರವ್ವನ ಗೋಧಿ. ಹಳ್ಳದ ಕಡೆಗೆ ಬಿದ್ದದ್ದು ಸದಕ.

ಆ ಕಾಲದಲ್ಲಿ ತಿರುವನಂತಪುರದಿಂದ ಊರಿಗೆ ಹೋಗುವುದೆಂದರೆ ಎರ್ನಾಕುಲಂನಲ್ಲಿ ಇಳಿದು ರೈಲು ಬದಲಿಸಬೇಕು. ಅಲ್ಲಿಯವರೆಗೆ ಸಣ್ಣ ಗೇಜಿನ ಹಳಿ, ಅಲ್ಲಿಂದ ದೊಡ್ಡದು. ಹೋಗುವಾಗ, ಬರುವಾಗ ಇಂದುಮತಿ ತಂಗುತ್ತಿದ್ದದ್ದು ಅಲ್ಲಿನ ಚಿತ್ತೂರು ರಸ್ತೆಯ ಸುಬ್ರಾಯರ ಮನೆಯಲ್ಲಿ. ಸುಬ್ರಾಯರು ಕುಂದಾಪುರದ ಕಡೆಯವರು, ಬ್ಯಾಂಕಿನ ಮ್ಯಾನೇಜರು. ಕೊಚ್ಚಿಯ ಕನ್ನಡ ಸಂಘದ ಸಭೆಯಲ್ಲಿ ಪರಿಚಯವಾದವರು. ಅವರ ಹೆಂಡತಿ ಮೋಹಿನಿಯಮ್ಮನಿಗೆ ಅಂಗಡಿಯ ಹಿಟ್ಟೆಂದರೆ ಭಯ. ಹತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಹಿಟ್ಟಿಗೆ ಕೀಟನಾಶಕ ಬೆರೆತು ಕೇರಳದಲ್ಲಿ ಎಷ್ಟೋ ಜನ ಸತ್ತಿದ್ದರು. ಅಂದಿನಿಂದ ಆಕೆ ಕಾಳನ್ನೇ ತರಿಸಿ, ಏಳು ನೀರಿನಲ್ಲಿ ತೊಳೆದು, ಒಣಗಿಸಿ ಬೀಸುತ್ತಿದ್ದಳು.

ಸುಬ್ರಾಯರು ಹುಬ್ಬಳ್ಳಿಯಲ್ಲಿದ್ದಾಗ ಕುಂದಗೋಳದ ಕಡೆ ಸ್ವಲ್ಪ ಎರೆಹೊಲ ಕೊಂಡಿದ್ದರು. ನಿವೃತ್ತಿಯಾದ ಮೇಲೆ ಅಲ್ಲಿ ಹೋಗಿ ನೆಲೆಸಬೇಕು, ವಿಷ ಮುಟ್ಟಿಸದ ಗೋಧಿ ಬೆಳೆಯಬೇಕು ಎಂಬುದು ಗಂಡ ಹೆಂಡತಿಯ ಆಸೆ. ಇಂದುಮತಿಯ ಸಾಲುಗಳ ಸುದ್ದಿ ಕೇಳುವಾಗ ಅವರ ಕಣ್ಣು ಮಿನುಗುತ್ತಿತ್ತು.

‘ನೀವು ಒಂದು ತಳಿ ಹೇಳಿ ಅಮ್ಮ. ಇಂಥದ್ದು ಅಂತ. ಮತ್ತೆ ನಾನು ಯಾರನ್ನೂ ಕೇಳ್ಲಿಕ್ಕಿಲ್ಲ’ ಎನ್ನುತ್ತಿದ್ದರು.

‘ತಡೀರಿ ರಾಯರ. ಮೂರ ಹಂಗಾಮು ನೋಡದ ನಾ ಹೇಳಾಂಗಿಲ್ಲ’ ಎನ್ನುತ್ತಿದ್ದಳು ಅವಳು.

ಮೂರು ಹಂಗಾಮು ನೋಡಿದಳು. ಹಿತ್ತಿಲಿನ ಸೆಖೆಯಲ್ಲಿ ಕೊನೆಯವರೆಗೂ ಹಸಿರಾಗಿ ನಿಂತದ್ದು ಸದಕ. ಫಕೀರವ್ವನ ಗೋಧಿಯ ಎಲೆಯಲ್ಲಿ ಕಂದು ಚುಕ್ಕೆ ಕಾಣಿಸಿಕೊಂಡರೂ ಪರವಾಗಿಲ್ಲ ಎನ್ನುವಷ್ಟಿತ್ತು. ಆದರೆ ಊರಿನ ಹೊಲದ ಸುದ್ದಿಯೇ ಬೇರೆ. ಅಲ್ಲಿ ಫಕೀರವ್ವನ ಗೋಧಿ ಉಳಿದೆಲ್ಲಕ್ಕಿಂತ ಮುಂದೆ. ಮೊದಲ ವರ್ಷ ಸದಕಕ್ಕಿಂತ ಸುಮಾರು ಎರಡರಷ್ಟು ಕಾಳು. ಎರಡನೆಯ ವರ್ಷವೂ ಹಾಗೆಯೇ. ಮೂರನೆಯ ವರ್ಷ ಅವಳೇ ಸಂಕ್ರಾಂತಿಯ ಹೊತ್ತಿಗೆ ಊರಿಗೆ ಹೋಗಿ ನೋಡಿದಳು. ದಾರಿಯ ಬದಿಯಲ್ಲಿ ಪೈರು ಎದೆಮಟ್ಟ ನಿಂತಿತ್ತು. ಎಲೆ ಕಡುಹಸಿರು. ಒಂದೆರಡು ಕಡೆ ಪೈರು ಗಾಳಿಗೆ ಮಲಗಿತ್ತು.

ಅದನ್ನು ಕಂಡು ಅವಳು ನಿಂತುಬಿಟ್ಟಳು. ಎತ್ತರದ ಗೋಧಿ ಹಾಗೆ ಮಲಗುವುದು ಸಾಮಾನ್ಯವಾಗಿ ಯೂರಿಯಾ ತಿಂದಾಗ.

‘ಅಣ್ಣಾ, ಇದಕ್ಕ ಏನರ ಹಾಕೀ ಏನು?’

‘ಏನ ಹಾಕ್ಲೆವ್ವಾ? ತಿಪ್ಪಿ ಗೊಬ್ಬರ. ದಾರಿ ಬದಿ ದನಾ ಹಾಯ್ತಾವ, ಅವುಗಳ ಸಗಣಿ ಬಿದ್ದಿರಬೇಕು.’

‘ಖರೇ ಹೇಳು.’

ವೀರಭದ್ರ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ. ‘ಅಪ್ಪನ ಹೊಲದ ಮಣ್ಣ ಹಿಡದ ಹೇಳತೇನಿ. ಸರಕಾರಿ ಗೊಬ್ಬರ ಒಂದ ಕಾಳು ಹಾಕಿಲ್ಲ.’

ಇಂದುಮತಿಗೆ ತನ್ನ ಅನುಮಾನದ ಬಗ್ಗೆಯೇ ನಾಚಿಕೆಯಾಯಿತು. ಅತ್ತಿಗೆ ರತ್ನ ಆಗ ಬುತ್ತಿ ಹೊತ್ತು ಹೊಲಕ್ಕೆ ಬಂದಳು, ಮಾತು ಬೇರೆ ಕಡೆ ಹೊರಳಿತು. ಅಂದು ಮೂವರೂ ಬದುವಿನ ಮೇಲೆ ಕುಳಿತು ಸಜ್ಜಿ ರೊಟ್ಟಿ, ಎಣ್ಣೆಗಾಯಿ ಉಂಡರು. ತಾನು ಹಿತ್ತಿಲಿನಲ್ಲಿ ಕಂಡದ್ದಕ್ಕಿಂತ ಹೊಲದಲ್ಲಿ ಕಂಡದ್ದೇ ದೊಡ್ಡದು ಎಂದು ಅವಳು ತೀರ್ಮಾನಿಸಿದ್ದು ಆ ಬದುವಿನ ಮೇಲೆಯೇ. ಮರಳುವ ದಾರಿಯಲ್ಲಿ ಎರ್ನಾಕುಲಂನಲ್ಲಿ ಇಳಿದವಳು ಸುಬ್ರಾಯರಿಗೆ ಹೇಳಿದಳು:

‘ಫಕೀರವ್ವನ ಗೋಧಿ ಬಿತ್ತರಿ ರಾಯರ. ಎತ್ತರ ಬೆಳದು ನೆರಳ ಮಾಡಿ ಕಸಾ ತಾನ ತಡೀತೈತಿ. ತಿಪ್ಪಿ ಗೊಬ್ಬರ ಸಾಕು. ಇದಕ್ಕ ನಾ ಜವಾಬ್ದಾರಿ.’

‘ಅಷ್ಟು ಸಾಕು’ ಎಂದರು ಸುಬ್ರಾಯರು. ಮೋಹಿನಿಯಮ್ಮ ಅಂದು ಪಾಯಸ ಮಾಡಿದಳು.

ಅವರು ನಿವೃತ್ತರಾಗಿ ಕುಂದಗೋಳಕ್ಕೆ ಹೋದರು. ಬೀಜವನ್ನು ವೀರಭದ್ರನ ಮನೆಯಿಂದಲೇ ತಂದರು. ಇಂದುಮತಿ ಹೇಳಿಕೊಟ್ಟಂತೆ ಬೇಸಿಗೆಯ ಸುಡುಬಿಸಿಲಿನಲ್ಲಿ ಬೀಜವನ್ನು ನೆನೆಸಿ, ತೆಳ್ಳಗೆ ಹರಡಿ ಒಣಗಿಸಿದರು. ತೆನೆಯನ್ನು ಕಪ್ಪು ಪುಡಿ ಮಾಡುವ ಕಾಡಿಗೆ ರೋಗ ಅದರಿಂದ ಹೋಗುತ್ತದೆ. ಕಾರ್ತಿಕದ ಮೊದಲಲ್ಲಿ ಇದ್ದ ಹೊಲವೆಲ್ಲಕ್ಕೂ ಅದೊಂದನ್ನೇ ಬಿತ್ತಿದರು. ಸ್ವಲ್ಪ ಬಿಜಗ, ಸ್ವಲ್ಪ ಸದಕ ಇರಲಿ ಎಂದು ಆಳುಗಳು ಅಂದರಂತೆ. ‘ಬೇಡ, ನೋಡಿ ಆರಿಸಿದ ತಳಿ ಇದು’ ಎಂದು ಸುಬ್ರಾಯರು ಬಿಡಲಿಲ್ಲ.

ಪೈರು ಮೊಳಕಾಲಿನಿಂದ ಮೇಲೇಳಲಿಲ್ಲ. ಎರಡನೆಯ ತಿಂಗಳಿಗೆ ಎಲೆಯ ತುದಿ ಹಳದಿಯಾಯಿತು. ತೆಳುವಾದ ಪೈರಿನ ನಡುವೆ ಕಸ ಎದ್ದಿತು, ಕೀಳಿಸಿದಷ್ಟೂ ಎದ್ದಿತು. ಆ ಮೇಲೆ ಭಂಡಾರ ಬಿತ್ತು. ಕೊನೆಗೆ ಮನೆಗೆ ಬಂದದ್ದು ಮರುವರ್ಷದ ಬೀಜಕ್ಕೂ ಸಾಲದಷ್ಟು. ಮೋಹಿನಿಯಮ್ಮ ಅದನ್ನು ಮೊರದಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದಳಂತೆ.

ಮಾರ್ಚ್ ತಿಂಗಳಲ್ಲಿ ಸುಬ್ರಾಯರು ಚಿತ್ತೂರು ರಸ್ತೆಯ ಮನೆಗೆ ಮರಳಿ ಬಂದರು. ಹೊಲವನ್ನು ಹತ್ತಿ ಬೆಳೆಯುವವನೊಬ್ಬನಿಗೆ ಗುತ್ತಿಗೆಗೆ ಕೊಟ್ಟಿದ್ದರು. ಸುದ್ದಿ ತಿಳಿದು ಇಂದುಮತಿ ಓಡಿ ಬಂದಳು. ಅವರು ಒಂದು ಕಟ್ಟು ಒಣಗಿದ ಪೈರು ತಂದು ಮೇಜಿನ ಮೇಲೆ ಇಟ್ಟರು. ಬೆರಳುದ್ದದ ತೆನೆಗಳು, ಅದರಲ್ಲಿ ಸೊರಗಿದ ಕಾಳು.

‘ನೀವು ಹೇಳಿದ ಹಾಗೇ ಮಾಡಿದ್ದು’ ಎಂದರು.

ಇಂದುಮತಿ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು, ಬೇರನ್ನು ತಿರುವಿ ನೋಡಿದಳು. ಅದೇ ತಳಿ, ಸಂಶಯವಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ? ಅಣ್ಣನ ಹೊಲದಲ್ಲಿ ಎದೆಮಟ್ಟ ನಿಂತದ್ದನ್ನು ಅವಳೇ ಕಣ್ಣಾರೆ ಕಂಡಿದ್ದಾಳೆ. ಅಣ್ಣ ಮಣ್ಣು ಮುಟ್ಟಿ ಹೇಳಿದ್ದಾನೆ. ತಪ್ಪಾಗಿದ್ದರೆ ಅದು ಇಲ್ಲಿಯೇ ಆಗಿರಬೇಕು.

‘ನಿಮ್ಮ ತಿಪ್ಪಿ ಗೊಬ್ಬರ ಇನ್ನೂ ಹಸೀ ಇತ್ತೇನೋ ರಾಯರ. ಸರಿಯಾಗಿ ಕೊಳತಿದ್ರ ಹಿಂಗ ಆಗತಿದ್ದಿಲ್ಲ. ಬ್ಯಾಂಕಿನ ಕೆಲಸಾ ಬ್ಯಾರೆ, ಹೊಲದ ಕೆಲಸಾ ಬ್ಯಾರೆ.’

ಆಡಬಾರದ ಮಾತು ಅದು. ಸುಬ್ರಾಯರ ಮುಖ ಕಪ್ಪಿಟ್ಟಿತು.

‘ಎರಡು ವರ್ಷ ಕೊಳೆಸಿದ ಗೊಬ್ಬರ ಅಮ್ಮ ಅದು. ನನ್ನ ಕೈಯಿಂದ ನಾನೇ ಮಗುಚಿದ್ದು’ ಎಂದರು. ಮೋಹಿನಿಯಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ಮರುದಿನದ ರೈಲಿಗೆ ಇನ್ನೂ ಹೊತ್ತಿದ್ದರೂ ಇಂದುಮತಿ ಎದ್ದು ಸ್ಟೇಷನ್ನಿಗೆ ನಡೆದಳು. ಅವರ ಮೇಲೆ ಅವಳಿಗೆ ಸಿಟ್ಟೇ ಬಂದಿತ್ತು. ಇಷ್ಟು ಕಷ್ಟಪಟ್ಟು ಆರಿಸಿ ಕೊಟ್ಟರೆ ಕೆಡಿಸಿಬಿಟ್ಟರಲ್ಲ ಎಂದು.

ಮುಂದಿನ ಜನವರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ ರತ್ನ ಶ್ರೀಕಾರ್ಯಂನ ಮನೆ ಬಾಗಿಲಿಗೆ ಬಂದು ನಿಂತಳು. ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಹಣೆಯ ಮೇಲೆ ಬೆವರು. ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಇಂದುಮತಿ ಕುಣಿದಾಡಿಬಿಟ್ಟಳು.

‘ಅತ್ತಿಗೆವ್ವಾ! ನೀ ಹ್ಯಾಂಗ ಬಂದಿ? ಅಣ್ಣ ಎಲ್ಲಿ?’

‘ತಂಪಾನೂರಂತಲ್ಲ, ಸ್ಟೇಷನ್ ಮುಂದ, ಅಲ್ಲಿ ಲಾಡ್ಜಿನಾಗ ಅದಾರ. ಸಾಹೇಬ್ರ ಕೂಡ ಏನೋ ಮೀಟಿಂಗಂತ. ನಾ ತಡೀಲಿಲ್ಲ ನೋಡು, ಒಬ್ಬ ಹುಡುಗನ್ನ ಕೇಳಿ ಬಸ್ಸ ಹತ್ತಿ ಬಂದ್ನಿ. ನೀರ ಕೊಡವ್ವಾ ಮೊದಲ, ಏನ ಸೆಕಿ ಇದು ನಿಮ್ಮೂರಾಗ!’

ಅಡುಗೆ ಮನೆಯಲ್ಲಿ ಕುಳಿತು ರತ್ನ ಚೀಲದಿಂದ ಶೇಂಗಾ ಹೋಳಿಗೆ ತೆಗೆದಳು, ಕೆಂಪು ಚಟ್ನಿ ತೆಗೆದಳು. ಮಾತಿನ ಮೇಲೆ ಮಾತು. ಕನ್ಯಾಕುಮಾರಿ ನೋಡಿ ಬಂದರಂತೆ. ಸಮುದ್ರ ನೋಡಿ ಅವಳಿಗೆ ಅಳುವೇ ಬಂತಂತೆ.

‘ಯಾರು ಕರಕೊಂಡ ಬಂದ್ರು ಅತ್ತಿಗೆವ್ವಾ? ಯಾವ ಸಾಹೇಬ್ರು?’

‘ಕಂಪನಿಯವ್ರು. ಎಲ್ಲಾ ಏಜೆಂಟರನ್ನೂ ಜೋಡಿಲೆ ಕರಕೊಂಡ ಬಂದಾರ. ಬಸ್ಸು, ಊಟಾ, ಲಾಡ್ಜು ಎಲ್ಲಾ ಅವರದ.’

‘ಏನ ಕಂಪನಿ?’

‘ಗೊಬ್ಬರದ ಕಂಪನಿ ಅಲ್ಲೇನವ್ವಾ? ನಿಮ್ಮಣ್ಣ ಹೇಳಿಲ್ಲೇನು? ಎರಡ ವರ್ಷ ಆತು ಏಜೆನ್ಸಿ ತಗೊಂಡು.’ ರತ್ನ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ನಕ್ಕಳು. ‘ನಿನ್ನ ಗೋಧಿಯಿಂದನ ಬಂತು ನೋಡು ಅದು. ದಾರಿ ಬದಿ ಪಟ್ಟಿಗೆ ಸರಕಾರಿ ಗೊಬ್ಬರ ಹಾಕಿದ್ರಲ್ಲ, ಎದಿಮಟಾ ಬೆಳದಿತ್ತಲ್ಲ, ಅದನ್ನ ನೋಡಿ ಸಾಹೇಬ್ರು ಜೀಪ ನಿಲ್ಲಿಸಿದ್ರು. ಜವಾರಿ ಗೋಧಿನೂ ನಮ್ಮ ಗೊಬ್ಬರಕ್ಕ ಹಿಂಗ ಬೆಳೀತೈತೆಲ್ಲಾ ಅಂತ ಫೋಟೋ ಹೊಡಕೊಂಡ್ರು. ತಿನ್ನವ್ವಾ, ಆರತೈತಿ.’

ಇಂದುಮತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

‘ಯಾವ ವರ್ಷ ಅತ್ತಿಗೆವ್ವಾ? ಯಾವ ವರ್ಷ ಹಾಕಿದ್ದು?’

‘ಮೊದಲಿನಿಂದನೂ ಹಾಕತಿದ್ರಲ್ಲ. ದಾರಿ ಬದಿಗೆ ಅಷ್ಟ. ಹಳ್ಳದ ಕಡೆ ಯಾರ ನೋಡತಾರ, ಬಿಡು ಅಂತಿದ್ರು.’ ಆಗ ರತ್ನ ಅವಳ ಮುಖ ನೋಡಿದಳು. ತುಪ್ಪದ ಬಟ್ಟಲನ್ನು ಕೆಳಗಿಟ್ಟಳು. ‘ಯಾಕವ್ವಾ? ನೀನ ಹೇಳಿದ್ದೆಲ್ಲೇನು ಹಾಕ ಅಂತ? ನಾ ಹಾಂಗ ತಿಳದಿದ್ದೆ.’

ಆ ಹೆಂಗಸಿನಲ್ಲಿ ಕಪಟವಿರಲಿಲ್ಲ. ಇಂದುಮತಿ ಮೆಲ್ಲಗೆ, ‘ಇಲ್ಲ ಅತ್ತಿಗೆವ್ವಾ, ನಾ ಹೇಳಿದ್ದಿಲ್ಲ’ ಎಂದಳು. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮುರಿದು ಬಾಯಿಗಿಟ್ಟುಕೊಂಡಳು, ರತ್ನ ನೊಂದುಕೊಳ್ಳಬಾರದೆಂದು. ಉಳಿದರ್ಧವನ್ನು ತಟ್ಟೆಯಲ್ಲೇ ಬಿಟ್ಟಳು.

ಅದೆಲ್ಲವೂ ಅವಳಿಗೆ ಒಮ್ಮೆಲೇ ಕಂಡಿತು. ಮೂರು ವರ್ಷ ತಾನು ಆರಿಸಿದ್ದು ಒಳ್ಳೆಯ ಗೋಧಿಯನ್ನಲ್ಲ, ದಾರಿಗೆ ಹತ್ತಿರವಿದ್ದ ಗೋಧಿಯನ್ನು. ಹಳ್ಳದ ಕಡೆ ಬಿದ್ದ ಸದಕ ಯಾರೂ ನೋಡದ ಕಾರಣಕ್ಕೆ ನಿಜವನ್ನೇ ಹೇಳಿತ್ತು, ತನ್ನ ಹಿತ್ತಿಲೂ ಅದನ್ನೇ ಹೇಳಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ. ಮೇಜಿನ ಮೇಲಿನ ಒಣಗಿದ ಪೈರಿನ ಕಟ್ಟು, ಸುಬ್ರಾಯರ ಕಪ್ಪಿಟ್ಟ ಮುಖ ನೆನಪಾದಾಗ ಅವಳಿಗೆ ಕುಳಿತಿರಲಾಗಲಿಲ್ಲ.

ಇಬ್ಬರೂ ಬಸ್ಸು ಹತ್ತಿ ತಂಪಾನೂರಿಗೆ ಬಂದರು. ಲಾಡ್ಜಿನ ಮೊದಲ ಮಹಡಿಯ ಜಗಲಿಯಲ್ಲಿ ಹತ್ತಾರು ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಎಲ್ಲರ ಹೆಗಲಲ್ಲೂ ಒಂದೇ ನಮೂನೆಯ ಹಸಿರು ಚೀಲ. ವೀರಭದ್ರ ತಂಗಿಯನ್ನು ಕಂಡವನೇ ಮುಖವೆಲ್ಲ ಅರಳಿಸಿಕೊಂಡು ಮುಂದೆ ಬಂದ.

‘ನೋಡ್ರಿ, ನಮ್ಮ ತಂಗಿ! ಇಲ್ಲೇ ದೊಡ್ಡ ಸಾಯಿಂಟಿಸ್ಟ್ ಅದಾಳ. ನಮ್ಮ ಹೊಲದ ಗೋಧಿ ಎಲ್ಲಾ ಈಕೀನ ಆರಿಸಿ ಕೊಟ್ಟಿದ್ದು.’

ಗಂಡಸರು ಕೈ ಮುಗಿದರು. ಇಂದುಮತಿಯೂ ಮುಗಿದಳು.

‘ಅಣ್ಣಾ, ಕೆಳಗ ಬಾ. ಒಂದ ಮಾತೈತಿ.’

ಬಸ್ ಸ್ಟ್ಯಾಂಡಿನ ಗೋಡೆಯ ಬದಿಯಲ್ಲಿ, ಬಾಳೆಗೊನೆ ತೂಗುಹಾಕಿದ್ದ ಅಂಗಡಿಯ ಪಕ್ಕ ಇಬ್ಬರೂ ನಿಂತರು. ರತ್ನ ಸ್ವಲ್ಪ ದೂರದಲ್ಲಿ ನಿಂತಳು.

‘ದಾರಿ ಬದಿ ಪಟ್ಟಿಗೆ ಏನ ಹಾಕಿದ್ದಿ ಅಣ್ಣಾ?’

ವೀರಭದ್ರ ಹೆಂಡತಿಯ ಕಡೆ ನೋಡಿದ. ಆಕೆ ತಲೆ ತಗ್ಗಿಸಿದಳು. ಅವನಿಗೆ ತಿಳಿಯಿತು.

‘ಮೊದಲನೇ ವರ್ಷ ಒಂದೀಟ ಅಷ್ಟವ್ವಾ. ಮಗ್ಗಲ ಹೊಲದಾಗ ಗಿಡ್ಡ ಗೋಧಿ ಹಚ್ಚಗ ನಿಂತಿತ್ತು. ನಮ್ಮ ಹೊಲಾ ನೋಡಿ ಮಂದಿ ನಗತಿದ್ರು. ತಂಗೀ ಮಾತ ಕೇಳಿ ವೀರಭದ್ರ ಹೊಲಾ ಕೆಡಿಸಿಕೊಂಡ ಅಂತಿದ್ರು. ನಿನ್ನ ಹೆಸರಿಗೆ ಕೆಟ್ಟ ಬರಬಾರದಂತ ಹಾಕಿದ್ನಿ.’

‘ಎರಡನೇ ವರ್ಷ?’

‘ಎರಡನೇ ವರ್ಷ ಹಾಕದಿದ್ರ ಮೊದಲನೇ ವರ್ಷದ್ದು ಸುಳ್ಳಾಗತಿತ್ತಲ್ಲ.’

‘ಮೂರನೇ ವರ್ಷ ಏಜೆನ್ಸಿ ಬಂತು.’

ಅವನು ಮೇಲೆ ಲಾಡ್ಜಿನ ಕಡೆ ಕಣ್ಣು ಹಾಯಿಸಿದ.

‘ನಾ ಕೇಳಿದ್ನೆಲ್ಲ ಅಣ್ಣಾ. ಹೊಲದಾಗ ನಿಂತ ಕೇಳಿದ್ನಿ. ನೀ ಮಣ್ಣ ಹಿಡದಿ.’

‘ಆಗ ಹ್ಯಾಂಗ ಹೇಳಲಿ? ಮೂರ ವರ್ಷ ಆಗಿತ್ತು. ನೀ ಅಷ್ಟ ಖುಷಿಲೆ ಇದ್ದಿ.’ ಅವನ ದನಿ ಏರಿತು. ‘ಏನ ಆತೀಗ? ಯಾರ ಸತ್ರು? ಗೋಧಿ ಅಷ್ಟ ಅಲ್ಲೇನು? ಅದಕ್ಕ ಒಂದೀಟ ಗೊಬ್ಬರ ಹಾಕಂತ ನಿಮ್ಮ ರಾಯರಿಗೆ ಹೇಳು, ಅವ್ರ ಹೊಲಾನೂ ಬೆಳೀತೈತಿ.’

‘ನಿನ್ನ ಮನಿಗೆ ಬೀಜ ಒಯ್ಲಿಕ್ಕೆ ಬಂದಿದ್ರಲ್ಲ ಅವ್ರು. ಆವಾಗ ನೀ ಒಂದ ಮಾತ ಹೇಳಬೇಕಿತ್ತು. ರಾಯರ, ಇದಕ್ಕ ಗೊಬ್ಬರ ಬೇಕ್ರಿ ಅಂತ. ಅಷ್ಟ ಅಂದಿದ್ರ ಸಾಕಿತ್ತು. ಅವ್ರು ನಿನ್ನ ಪಡಸಾಲಿಯೊಳಗ ಕುಂತು ಚಹಾ ಕುಡದ ಹೋದ್ರು. ನೀ ಬೀಜ ಅಳದ ಕೊಟ್ಟಿ, ಬಾಯಿ ಬಿಡಲಿಲ್ಲ.’

ವೀರಭದ್ರ ಹೆಗಲ ಮೇಲಿನ ಹಸಿರು ಚೀಲವನ್ನು ಇಳಿಸಿ ಕೈಯಲ್ಲಿ ಹಿಡಿದುಕೊಂಡ, ಮತ್ತೆ ಹೆಗಲಿಗೇರಿಸಿದ. ಮೇಲಿನಿಂದ ಯಾರೋ, ‘ವೀರಭದ್ರಪ್ಪಾರ, ಬಸ್ಸ ಬಂತ್ರಿ’ ಎಂದು ಕೂಗಿದರು. ಇಂದುಮತಿ ಅತ್ತಿಗೆಯ ಕೈ ಹಿಡಿದು ಒಮ್ಮೆ ಒತ್ತಿ, ಶ್ರೀಕಾರ್ಯಂ ಕಡೆಯ ಬಸ್ಸು ಬಂದಾಗ ಹತ್ತಿ ಕುಳಿತಳು. ತಿರುಗಿ ನೋಡಲಿಲ್ಲ. ಅವಳಿಗೆ ಅಳು ಬಂದದ್ದು ಬಸ್ಸಿನಲ್ಲಲ್ಲ, ಮನೆಗೆ ಬಂದು ಅರ್ಧ ತಿಂದಿಟ್ಟ ಹೋಳಿಗೆ ಕಂಡಾಗ.

ಆ ವಾರದ ಕೊನೆಗೆ ಅವಳು ಎರ್ನಾಕುಲಂಗೆ ಹೋದಳು. ಸುಬ್ರಾಯರು ಬಾಗಿಲು ತೆರೆದರು, ಒಳಗೆ ಕರೆದರು, ಕುರ್ಚಿ ತೋರಿಸಿದರು. ಅವಳು ಕುಳಿತುಕೊಳ್ಳದೆ ನಿಂತೇ ಎಲ್ಲವನ್ನೂ ಹೇಳಿದಳು. ಅಣ್ಣನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ.

ಸುಬ್ರಾಯರು ಕನ್ನಡಕ ತೆಗೆದು ಒರೆಸಿದರು.

‘ನಿಮ್ಮ ಅಣ್ಣ ನಿಮಗೆ ಮೋಸ ಮಾಡಿದ್ದು. ಅದು ನನಗೆ ಅರ್ಥ ಆಗ್ತದೆ’ ಎಂದರು. ‘ಆದರೆ ನೀವು ಅವತ್ತು ನನ್ನ ಗೊಬ್ಬರ ಸರಿ ಇಲ್ಲ ಅಂದ್ರಲ್ಲ? ಅವನು ಹೇಳಿದ್ದನ್ನ ನಂಬಿದ್ರಿ, ನಾನು ಹೇಳಿದ್ದನ್ನ ನಂಬ್ಲಿಲ್ಲ. ಅವನು ಅಣ್ಣ, ಸರಿ. ನಾನು ಎಂಥ ಸುಳ್ಳು ಹೇಳಿದ್ದೆ ನಿಮ್ಮ ಹತ್ರ?’

‘ಏನೂ ಇಲ್ಲ ರಾಯರ.’

‘ಒಂದು ವರ್ಷ ನಾನು ನನ್ನ ಕೈಯನ್ನೇ ಬೈದುಕೊಂಡೆ ಮಾರಾಯ್ತಿ. ನನ್ನಿಂದ ಆಗ್ಲಿಕ್ಕಿಲ್ಲ ಅಂತ ಹೊಲ ಬಿಟ್ಟು ಬಂದೆ. ಇವಳು ಅಲ್ಲಿ ಮನೆ ಮುಂದೆ ತುಳಸಿ ಕಟ್ಟೆ ಸಹ ಕಟ್ಟಿಸಿದ್ಲು.’

ಮೋಹಿನಿಯಮ್ಮ ಕಾಫಿ ತಂದಿಟ್ಟಳು. ಅದೊಂದು ಉಪಚಾರ ಅಷ್ಟೇ. ಮುಖದಲ್ಲಿ ಹಳೆಯ ನಗುವಿರಲಿಲ್ಲ. ಸದಕ ಬಿತ್ತಿ ನೋಡಿ, ಈ ಸಲ ನಾನೇ ನಿಂತು ನೋಡಿದ ಮೇಲೆ ಕೊಡುತ್ತೇನೆ ಎಂದು ಇಂದುಮತಿ ಹೇಳಹೊರಟಳು. ಸುಬ್ರಾಯರು ಕೈಯೆತ್ತಿ ತಡೆದರು. ‘ಅದು ಬೇಡ. ಇನ್ನು ನನ್ನ ಹತ್ರ ಗೋಧಿ ಸುದ್ದಿ ಬೇಡ.’ ಕಾಫಿ ಕುಡಿದು ಅವಳು ಹೊರಟಳು. ಅನಂತರ ಆ ಮನೆಯಲ್ಲಿ ತಂಗಲಿಲ್ಲ. ರೈಲು ಬದಲಿಸುವಾಗ ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲೇ ಹೊತ್ತು ಕಳೆಯುತ್ತಿದ್ದಳು.

ಅವಳು ಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ಎಪ್ಪತ್ಮೂರರಿಂದ ಫಕೀರವ್ವನ ಊರಿನಲ್ಲಿ ಒಂದು ತುಂಡು ಹೊಲವನ್ನು ಗುತ್ತಿಗೆಗೆ ಹಿಡಿದು, ಇದ್ದಬದ್ದ ರಜೆಯನ್ನೆಲ್ಲ ಬಿತ್ತನೆಯ ಹೊತ್ತಿಗೆ ಒಮ್ಮೆ, ಸುಗ್ಗಿಯ ಹೊತ್ತಿಗೆ ಒಮ್ಮೆ ಹಾಕಿ, ತಾನೇ ನಿಂತು ನೋಡಿದಳು. ಪಕ್ಕದ ರೈತರ ಮಾತು ಕೇಳಿ ನಂಬುವ ಬದಲು ಪಟ್ಟಿ ಪಟ್ಟಿಯಿಂದ ಮಣ್ಣು ತಂದು ಶ್ರೀಕಾರ್ಯಂನಲ್ಲಿ ಪರೀಕ್ಷಿಸುತ್ತಿದ್ದಳು. ಬರಿಯ ತಿಪ್ಪೆ ಗೊಬ್ಬರದಲ್ಲಿ ಫಕೀರವ್ವನ ಗೋಧಿ ಸುಬ್ರಾಯರ ಹೊಲದಲ್ಲಿ ಬಂದಂತೆಯೇ ಸೊರಗಿ ಬಂತು. ಅದು ಮೊದಲಿನಿಂದಲೂ ಹಿತ್ತಿಲ ಬೆಳೆ, ಕೊಟ್ಟಿಗೆಯ ಮಗ್ಗುಲಿನ ಕೊಬ್ಬಿದ ನೆಲದಲ್ಲಿ ಬೆಳೆಯುತ್ತಿದ್ದದ್ದು ಎಂದು ಆ ಮುದುಕಿಯ ಸೊಸೆ ಆಮೇಲೆ ಹೇಳಿದಳು. ಸದಕ ಹೆಚ್ಚು ಕೊಡಲಿಲ್ಲ, ಆದರೆ ವರ್ಷ ವರ್ಷವೂ ಕೊಟ್ಟಿತು. ಭಂಡಾರ ಅದರ ಹತ್ತಿರ ಬರಲಿಲ್ಲ. ಬುಡದಿಂದ ಅಗಲವಾಗಿ ತೆಂಡೆಯೊಡೆದು ಕಸವನ್ನು ಹತ್ತಿಕ್ಕಿತು. ಕುಟ್ಟಿ ಬಿಡಿಸುವ ಕಷ್ಟ ಎಂದು ಹಲವರು ಬಿಟ್ಟರೂ ಆ ಭಾಗದ ಏಳೆಂಟು ಮನೆಗಳು ಅದನ್ನು ಹಿಡಿದುಕೊಂಡವು. ಬೀಜ ಕೊಡುವಾಗ ಇಂದುಮತಿ, ‘ನಾ ಜವಾಬ್ದಾರಿ’ ಎಂಬ ಮಾತನ್ನು ಮತ್ತೆ ಆಡಲಿಲ್ಲ. ‘ಮೊದಲ ಒಂದ ಮೂಲ್ಯಾಗ ಬಿತ್ತಿ ನೋಡ್ರಿ. ನನ್ನ ಮಾತ ನಂಬಬ್ಯಾಡ್ರಿ’ ಎನ್ನುತ್ತಿದ್ದಳು.

ಇಷ್ಟು ವರ್ಷ ಅವಳು ಅಣ್ಣನ ಮನೆಗೆ ಹೋಗಲಿಲ್ಲ. ಎಪ್ಪತ್ತೇಳರಲ್ಲಿ ವೀರಭದ್ರನೇ ರತ್ನಳೊಂದಿಗೆ ಶ್ರೀಕಾರ್ಯಂಗೆ ಬಂದ, ಮಗಳ ಮದುವೆಗೆ ಕರೆಯಲು. ಕೂದಲು ಬೆಳ್ಳಗಾಗಿತ್ತು. ಏಜೆನ್ಸಿ ಬಿಟ್ಟು ಎರಡು ವರ್ಷವಾಯಿತು ಎಂದ. ಇಂದುಮತಿ ಚಾಪೆ ಹಾಸಿದಳು, ಚಹಾ ಮಾಡಿದಳು, ಮದುವೆಗೆ ಬರುತ್ತೇನೆ ಎಂದಳು. ಹುಡುಗಿಯ ಮೇಲೆ ಅವಳಿಗೆ ಮುನಿಸಿರಲಿಲ್ಲ. ಅಣ್ಣನ ಮೇಲೂ ಸಿಟ್ಟು ಉಳಿದಿರಲಿಲ್ಲ ಎಂದೇ ಅವಳು ಅಂದುಕೊಂಡಿದ್ದಳು.

ವೀರಭದ್ರ ಚಹಾ ಬಸಿಯನ್ನು ಕೆಳಗಿಟ್ಟು, ಏನಾದರೂ ಮಾತಾಡಬೇಕೆಂದು ಹೇಳಿದ: ‘ಊರಾಗ ಈ ವರ್ಷ ಛಲೋ ಮಳಿ ಆಗೇತಿ, ತಂಗೆವ್ವಾ. ಹಳ್ಳ ತುಂಬಿ ಹರೀತು.’

‘ಹೌದಾ’ ಎಂದಳು ಇಂದುಮತಿ. ಮತ್ತೆ ತನಗೆ ಅರಿವಿಲ್ಲದೆಯೇ ಪಕ್ಕದಲ್ಲಿದ್ದ ರತ್ನಳ ಕಡೆ ತಿರುಗಿದಳು.

‘ಖರೇನ ಅತ್ತಿಗೆವ್ವಾ?’

ರತ್ನ ಸೆರಗು ಸರಿಪಡಿಸಿಕೊಂಡು ಗಂಡನ ಕಡೆ ನೋಡಿದಳು. ವೀರಭದ್ರ ಖಾಲಿ ಬಸಿಯನ್ನೇ ನೋಡುತ್ತ ಕುಳಿತಿದ್ದ.